ಸ್ವಯಾರ್ಜಿತ

ಮೂವತ್ತೊಂದು ವರ್ಷ ಹಾಸನದ ತಾಲ್ಲೂಕು ಕಚೇರಿ ಎದುರು
ಬೇವಿನ ಮರದಡಿ ಮೇಜು ಹಾಕಿ ಪತ್ರ ಬರೆದವಳು ನಾನು,
ಹೊನ್ನಮ್ಮ.
ಕ್ರಯ, ದಾನ, ಭೋಗ್ಯ, ಹಕ್ಕು ಬಿಡುಗಡೆ.
ಬರೆಸಿಕೊಂಡವರೆಲ್ಲ ಅಂದು ಹೋದದ್ದು ಒಂದೇ ಮಾತು:
‘ಮುತ್ತು ಪೋಣಿಸಿದಂಗೈತೆ ಕಣಮ್ಮ ನಿನ್ನಕ್ಷರ.’
ಮುತ್ತು ಅವರೂ ಕಂಡವರಲ್ಲ,
ನಾನೂ.

ಈ ಆಷಾಢದಲ್ಲಿ ಚೀಟಿ ಎತ್ತಿದೆ.
ಪಕ್ಕದ ಮೇಜಿನಲ್ಲಿ ಛಾಪಾ ಕಾಗದ ಮಾರುತ್ತಿದ್ದ
ಮೆಹರುನ್ನೀಸಾಳನ್ನು ಎಬ್ಬಿಸಿಕೊಂಡು
ಕಸ್ತೂರಬಾ ರಸ್ತೆಗೆ ಹೋದೆ.
ಆಷಾಢದಲ್ಲಿ ಯಾರು ಒಡವೆ ಕೊಳ್ತಾರೆ ಅಂದೆ, ದಾರಿಯಲ್ಲಿ ಹೆದರಿ.
‘ಅದಕ್ಕೇ ಅಂಗಡಿ ಖಾಲಿ ಇರ್ತದೆ. ಚೌಕಾಸಿಗೆ ಒಳ್ಳೇದು.’

‘ಯಾರ ಮದುವೆಗಮ್ಮ?’ ಕೇಳಿದರು ಪದ್ಮರಾಜಯ್ಯ.
‘ನನ್ನ ಕುತ್ತಿಗೆಗೆ.’

ಕಪ್ಪು ಮಖಮಲ್ಲಿನ ಮೇಲೆ ನಾಲ್ಕು ಸರ ಮಲಗಿಸಿದರು.
ಮೆಹರು ಒಪ್ಪಲಿಲ್ಲ.
‘ಬಿಳಿ ಬಟ್ಟೆ ಹಾಸಿ ಸ್ವಾಮಿ,
ಕಪ್ಪಿನ ಮೇಲೆ ಸುಣ್ಣದುಂಡೆಯೂ ಮುತ್ತೇ.
ಟ್ಯೂಬ್‌ಲೈಟೂ ಬೇಡ.’
ಹೊರಗೆ ಮೆಟ್ಟಿಲ ಮೇಲೆ, ಮೋಡ ಬಿಟ್ಟುಕೊಟ್ಟಷ್ಟು ಬೆಳಕಿನಲ್ಲಿ,
ಅವರ ಕೈವಸ್ತ್ರ ಹರಡಿ ಕೂತೆವು.

ಮೊದಲನೆಯದು ಎಷ್ಟು ಚೆಂದ!
ಮೊದಲಿಂದ ಕೊನೆಗೆ ಕೂದಲೆಳೆಯ ವ್ಯತ್ಯಾಸವಿಲ್ಲ.
ಕೈ ಚಾಚಿದೆ. ಅಲ್ಲೇ ನಿಂತಿತು.
ಒಬ್ಬನೇ ಹಾಕಿದ ಎರಡು ರುಜು
ಒಂದರ ಮೇಲೊಂದು ಅಚ್ಚಾಗಿ ಕೂತರೆ
ಎರಡರಲ್ಲೊಂದು ಅವನದಲ್ಲ.
ಕೌಶಿಕದ ಹೆಂಗಸೊಬ್ಬಳ ಎರಡೆಕರೆ ಉಳಿದದ್ದು
ನಾನು ಅಷ್ಟು ಕಂಡಿದ್ದರಿಂದ.
‘ಹಲ್ಲಿಗೆ ಉಜ್ಜು’ ಅಂದಳು ಮೆಹರು.
ನುಣ್ಣಗೆ ಜಾರಿತು, ಗುಂಡಿಯ ಹಾಗೆ.
‘ಅದರ ರೇಟೇ ಬೇರೆ,’ ಪದ್ಮರಾಜಯ್ಯ ಕೆಮ್ಮಿದರು,
‘ನಾನೇನು ಮುತ್ತು ಅಂದೆನಾ?’

ಎರಡನೆಯದು ನಿಜ. ಆದರೆ ನೀರು ಬೆರೆಸಿದ ಹಾಲು,
ಹೊಳಪೆಲ್ಲ ಮೇಲೆ ಬಳಿದದ್ದು, ಒಳಗೆ ಯಾರೂ ಇಲ್ಲ.
ಮೂರನೆಯದಕ್ಕೆ ಮಧ್ಯೆ ಗಂಟಿಲ್ಲ.
ದಾರ ಹರಿದರೆ ಅಷ್ಟೂ ಚರಂಡಿಗೆ.

ನಾಲ್ಕನೆಯದರಲ್ಲಿ ಒಂದಕ್ಕೆ ಕೆನ್ನೆಗುಳಿ,
ಒಂದು ಸ್ವಲ್ಪ ಉದ್ದ, ಅವರೆಕಾಳಿನಂತೆ.
ನನ್ನ ‘ಳ’ಕಾರವೂ ಹೀಗೇ, ಒಂದೊಂದು ಸಲ ಹೊಟ್ಟೆ ದಪ್ಪ.
ಹಲ್ಲಿಗೆ ಹೇಮಾವತಿಯ ಮರಳು, ಅತಿ ಸಣ್ಣದು, ಗರಗರ.
ಅಂಗೈಗೆ ಮೊದಲು ತಣ್ಣಗೆ,
ಆಮೇಲೆ, ನಿಧಾನ, ನನ್ನಷ್ಟೇ ಬಿಸಿ.
ಪ್ರತಿ ಮುತ್ತಿಗೂ ಒಂದು ಗಂಟು,
ಪುಟಪುಟಕ್ಕೂ ರುಜು ಮಾಡಿಸಿದ ಹಾಗೆ.
ಹತ್ತಿರ ಹಿಡಿದರೆ ಒಂದರೊಳಗೆ ಆಟೋ, ಅರ್ಧ ಬಸ್ಸು,
ಮೂಗು ದಪ್ಪಗಾದ ಇಬ್ಬರು ಹೆಂಗಸರು.

ಒಂಬತ್ತು ಸಾವಿರದ ಇನ್ನೂರು ಅಂದರು.
ಮೆಹರು ಆರು ಅಂದು ಚಪ್ಪಲಿ ಮೆಟ್ಟಿದಳು.
ಏಳು ಸಾವಿರದ ನಾನೂರಕ್ಕೆ, ಬೆಳ್ಳಿ ಕೊಕ್ಕೆ ಸೇರಿ, ಕೂತಿತು.

‘ಸೆಂಟು ಹಾಕಿಕೊಂಡ ಮೇಲೇ ಇದನ್ನು ಹಾಕಬೇಕು ತಾಯಿ.
ಬೆವರು ಒರೆಸಿ ಇಡಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರು ಕಟ್ಟುತ್ತೆ.’
ನಮ್ಮ ಮನೆಯಲ್ಲಿ ಸೆಂಟಿಲ್ಲ, ಮಂಡಿನೋವಿನ ಎಣ್ಣೆ ಐತೆ, ಅಂದೆ.

ಯಂತ್ರ ಚರಚರ ಅಂದು ಒಂದು ಚೀಟಿ ಉಗುಳಿತು.
ಅದೇ ಯಂತ್ರ, ನನ್ನ ಮೇಜು ಎತ್ತಿಸಿದ್ದರ ತಮ್ಮ.
ಕೈಯಲ್ಲಿ ಬರೆದುಕೊಡಿ ಅಂದೆ.
ಬರೆದರು. ಕೋಳಿ ತಿಪ್ಪೆ ಕೆದಕಿದಂಥ ಅಕ್ಷರ,
ನನ್ನ ಹೆಸರಲ್ಲಿ ಒಂದು ‘ನ’ ನುಂಗಿ.

ಪೆನ್ನು ಇಸಿದುಕೊಂಡು ಹಿಂಬದಿಗೆ ನಾನೇ ಬರೆದೆ:
ಪಿತ್ರಾರ್ಜಿತವಲ್ಲ. ದಾನವಾಗಿ ಬಂದದ್ದಲ್ಲ.
ಚಕ್ಕುಬಂದಿ: ಉತ್ತರಕ್ಕೆ ಗದ್ದ, ದಕ್ಷಿಣಕ್ಕೆ ಸೆರಗು,
ಪೂರ್ವ ಪಶ್ಚಿಮಕ್ಕೆ ಸದರಿ ಹೊನ್ನಮ್ಮನವೇ ಭುಜಗಳು.
ಸದರಿ ಸ್ವತ್ತಿನ ಮೇಲೆ ಯಾವ ಸಾಲವೂ ಇರುವುದಿಲ್ಲ.

‘ಛಾಪಾ ಕಾಗದ ಇಲ್ಲದೆ ಇದು ನಿಲ್ಲಲ್ಲ ಕಣೇ’
ಅಂದಳು ಮೆಹರು,
ನನ್ನ ಬೆನ್ನ ಹಿಂದೆ ನಿಂತು
ಕನ್ನಡಕವಿಲ್ಲದೆ ಕೊಕ್ಕೆ ಹುಡುಕುತ್ತ.