ಆರನೇ ಹಲಗೆ

ಉಪ್ಪಳದಲ್ಲಿ ಹೈವೇ ಅಗಲವಾಗುವಾಗ ಕೆಡವಿದ
ಒಂದು ಜೀನಸಿನಂಗಡಿಯ ನಿರೆಹಲಗೆಗಳು
ನನ್ನ ಕಾರ್ ಶೆಡ್ಡಿಗೆ ಬಂದವು.
ಕಾರು ಮಾರಿ ಎರಡು ವರ್ಷ. ಬಸ್ಸು ಉಂಟಲ್ಲ.
ಬಾಗಿಲೆಂಬುದೇ ಇಲ್ಲದ ಅಂಗಡಿ ಅದು.
ರಾತ್ರಿ ಒಂದೊಂದೇ ಹಲಗೆ ಜಾರಿಸಿ ನಿಲ್ಲಿಸುವುದು,
ಬೆಳಿಗ್ಗೆ ಒಂದೊಂದೇ ಕಳಚಿ ಗೋಡೆಗೊರಗಿಸುವುದು.
ಹಲಸು. ಮೇಲೆ ಎಪ್ಪತ್ತು ವರ್ಷದ ಎಣ್ಣೆ, ಮಸಿ, ಕೈಬೆವರು.
ಮೂರನ್ನು ಅಂಟಿಸಿದರೆ ಒಂದು ಮೇಜು.
ಆದರೆ ಒಂದಕ್ಕೆ ಹೊಟ್ಟೆ, ಒಂದಕ್ಕೆ ಗೂನು.

ಮೂರು ಭಾನುವಾರ ಉಪ್ಪುಕಾಗದ ಹಿಡಿದು ಉಜ್ಜಿದೆ.
ಸೋಮವಾರ ಆಸ್ಪತ್ರೆಯ ಹಾಜರಿ ಮೆಷೀನು
ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸಿ ಇಟ್ಟೆ, ಊದಿ ಇಟ್ಟೆ, ಒತ್ತಿ ಇಟ್ಟೆ.
‘ಸಿಸ್ಟರ್ ಇವಿಡತ್ತೆಯಲ್ಲ’ ಎಂದು ನಕ್ಕ ಕ್ಲರ್ಕ್ ಬಿಜೀಶ.
ಇಲ್ಲಿಯವಳಲ್ಲವಂತೆ.
ಅಂದೇ ತೀರ್ಮಾನ: ಡ್ರಮ್ ಸ್ಯಾಂಡರು.

ಮಂಗಳೂರಿನಲ್ಲಿ ಕಂಡದ್ದು ಎರಡೂ ಕಡೆ ಮುಚ್ಚಿದ್ದು,
ಇಪ್ಪತ್ತನಾಲ್ಕು ಇಂಚು, ಆನೆಯ ಹಾಗೆ ನಿಂತದ್ದು.
ಅದಕ್ಕೆ ಬೇಕು ತ್ರೀ ಫೇಸು.
ಅರ್ಜಿ ಕೊಡಿ, ನೋಡುವ, ಎಂದರು ಕರೆಂಟು ಆಫೀಸಿನಲ್ಲಿ.
ಆ ‘ನೋಡುವ’ ನನಗೆ ಗೊತ್ತು.
ನಾನೂ ರೋಗಿಗಳಿಗೆ ಹೇಳುತ್ತೇನೆ.

ಇನ್ನೊಂದು ಬಂದ್ಯೋಡಿನಲ್ಲಿ, ಹಸೈನಾರಾಕನ ಮನೆ ಹಿಂದೆ,
ಶಾರ್ಜಾದಿಂದ ಕಂಟೇನರಿನಲ್ಲಿ ಬಂದದ್ದು.
ಹದಿನಾರು ಇಂಚು, ಒಂದು ಕಡೆ ತೆರೆದ ಬಾಯಿ.
ಅಗಲದ ಹಲಗೆಯನ್ನು ಅರ್ಧ ತಿನ್ನಿಸಿ,
ತಿರುಗಿಸಿ, ಇನ್ನರ್ಧ ತಿನ್ನಿಸಬೇಕು.
‘ಒಂದೇ ತೋಳಿನವ. ಭಾರ ಬಿದ್ದರೆ ಬಾಗುತ್ತಾನೆ’
ಎಂದಿದ್ದರು ಐತಪ್ಪ ಆಚಾರಿ, ಬೀಡಿ ಆರಿಸುತ್ತ.

ಮೋಟಾರಿನ ಬೆನ್ನಿಗೆ ಅಂಗೈ ಇಟ್ಟು ನೋಡಿದೆ.
ನಡುಕ ಸಮ. ಬಿಸಿ ಸಾಧಾರಣ.
ಡ್ರಮ್ಮಿನಡಿ ಕಾಗದದ ಚೂರು ತೂರಿಸಿದೆ:
ಒಳಗಡೆ ಕಚ್ಚಿತು, ಹೊರಗಡೆ ಜಾರಿತು.
‘ಕಾಲು ಸುತ್ತು ಮತಿ’ ಎಂದು ಹಸೈನಾರಾಕ ಪಾನಾ ತಂದರು.
ಸ್ವಿಚ್ಚು ಹಾಕಿದಾಗ ಅಡುಗೆಮನೆಯ ಬಲ್ಬು
ಒಮ್ಮೆ ಕಣ್ಣು ಮಿಟುಕಿತು, ಸುಧಾರಿಸಿತು.
ಧೂಳು ಎಲ್ಲಿಗೆ ಹೋಗುತ್ತದೆ, ಕೇಳಿದೆ.
ಅವರು ಆಕಾಶ ತೋರಿಸಿದರು.
ಧೂಳು ಹೋಗುವ ಜಾಗ ನನಗೆ ಗೊತ್ತು ಮಾರಾಯರೆ,
ಮರದ ಮಿಲ್ಲಿನ ತನಿಯಪ್ಪನ ಎಕ್ಸ್‌ರೇಯನ್ನು
ಬೆಳಕಿಗೆ ಹಿಡಿದವಳು ನಾನು.
ಚೀಲ ಬೇಕು, ಪೈಪು ಬೇಕು, ಹೀರುವ ಫ್ಯಾನು ಬೇಕು.
ಕೊಟ್ಟರು.
ಅವರ ತಾಯಿಯ ಕಾಲಿನ ಹುಣ್ಣಿಗೆ
ಏಳು ವಾರ ಪಟ್ಟಿ ಕಟ್ಟಿದ್ದು ನಾನು ಹೇಳಲಿಲ್ಲ.
ಅವರೂ ಹೇಳಲಿಲ್ಲ.
ರೇಟು ತನ್ನಷ್ಟಕ್ಕೆ ಇಳಿಯಿತು.

ಎಂಬತ್ತರ ಕಾಗದ. ಒಮ್ಮೆಗೆ ಕೂದಲೆಳೆಯಷ್ಟು.
ಮೊದಲ ಸಲಕ್ಕೆ ಮಸಿ ಹೋಯಿತು.
ಎರಡನೆಯದಕ್ಕೆ ಹಳದಿ ಕಂಡಿತು,
ಹಳದಿಯ ನಡುವೆ ಸೊಟ್ಟ ಒಂದು ಗೀರು.
ಇರಲಿ, ಇದೂ ಹೋಗಲಿ, ಎಂದು ಮೂರನೆಯ ಸಲ.
ಬೆಲ್ಟು ಎಳೆದುಕೊಂಡದ್ದನ್ನು ಅರ್ಧಕ್ಕೆ ಬಿಡುವುದಿಲ್ಲ.
ಹೊರಗೆ ಬಂದದ್ದು ಬರೀ ನುಣುಪು.
ಶೆಡ್ಡಿನ ತುಂಬ ಹಿಂಗಿನ ವಾಸನೆ.

ಮತ್ತೆ ಪಕ್ಕದ ಹಲಗೆ ಮಗುಚಿ, ಉಗುರಿನಿಂದ ಮಸಿ ಕೆರೆದೆ.
ಉಳಿಯಲ್ಲಿ ಕೆತ್ತಿದ ೭.
ಅದರಾಚೆಯದಕ್ಕೆ ೮, ಬಾಲ ಸ್ವಲ್ಪ ಉದ್ದ.
ರಾತ್ರಿ ಕತ್ತಲೆಯಲ್ಲಿ ಸರತಿ ತಪ್ಪದ ಹಾಗೆ
ಯಾರೋ ಬೆರಳಿಗೆಂದು ಬರೆದುಕೊಂಡ ಲೆಕ್ಕ.
ನಾನು ತಿಂದದ್ದು ಆರು.

ಉಳಿದವನ್ನು ಅಂಕೆ ಕೆಳಗಾಗಿ ಹಾಕಿದೆ.
ಮೇಜಾಯಿತು.
ಐತಪ್ಪ ಆಚಾರಿ ಕಣ್ಣುಮುಚ್ಚಿ ಕೈಯಾಡಿಸಿದರು,
ನಡುವಿನಲ್ಲಿ ನಿಂತರು.
‘ಇಲ್ಲೊಂದು ಗೆರೆ ಉಂಟು.’
ಎರಡು ಅರ್ಧಗಳು ಸೇರುವ ಜಾಗ.
ಉಂಟು, ಎಂದೆ.
‘ತೆಗೆಯಬಹುದು.’
ಬೇಡ, ಎಂದೆ.

ಹೆಬ್ಬೆರಳ ಸುಳಿ ಪುನಃ ಮೂಡಿದೆ.
ಮೆಷೀನು ಎರಡು ಸಲ ಯೋಚಿಸಿ ಹಸಿರಾಗುತ್ತದೆ.
ಧೂಳಿನ ಚೀಲ ತುಂಬಿ ತಿಂಗಳಾಯಿತು,
ಇನ್ನೂ ಕೊಡವಿಲ್ಲ.