ಅರ್ಧ ವ್ಯಾಪಾರ

ಯೆಲ್ ದ್ವೀಪದಲ್ಲಿ ಬೀಸುವ ಗಾಳಿಗೆ ಹೆಸರಿಲ್ಲ,
ಬೀಸದ ದಿನಕ್ಕೆ ಮಾತ್ರ ಇದೆ.
ಇವತ್ತು ಆ ದಿನವಲ್ಲ.

ಶನಿವಾರ, ಮಧ್ಯಾಹ್ನ ಮೂರು.
ಅಡುಗೆಮನೆಯ ಮೇಜು, ತಣ್ಣಗಾದ ಚಹಾ,
ಲ್ಯಾಪ್‌ಟಾಪಿನೊಳಗೆ ಆರ್ಬ್ರೋತಿನ ಹುಡುಗರು
ಗ್ರೀನಕ್ಕಿನ ಹುಡುಗರ ಎದುರು.
ಯಾರು ಗೆದ್ದರೂ ನನಗೆ ನೆಂಟರಲ್ಲ.
ನಾನು ಕೊಂಡದ್ದು ಡ್ರಾ,
ಮೂರೂಕಾಲರ ದರಕ್ಕೆ, ಇನ್ನೂರು ಪೌಂಡು.
ಗೋಲು ಬೀಳದ ಒಂದೊಂದು ನಿಮಿಷಕ್ಕೂ
ದರ ಇಳಿಯುತ್ತದೆ,
ಒಲೆ ಆರಿಸಿದ ಮೇಲೆ ಹಾಲು ಇಳಿಯುವ ಹಾಗೆ.
ಇಳಿದಾಗ ಮಾರಬೇಕು, ಎದ್ದು ಹೋಗಬೇಕು.
ಮೊದಲು ಸಾಲ್ಮನ್ ಸಾಕಣೆಯಲ್ಲಿ ಬಲೆ ಹೊಲಿಯುತ್ತಿದ್ದೆ.
ಈಗ ಇಷ್ಟೇ ಕಸುಬು:
ಏನೂ ಆಗದಿರುವುದನ್ನು ಕೊಂಡು
ಏನಾದರೂ ಆಗುವ ಮುಂಚೆ ಮಾರುವುದು.

ಅರವತ್ತೆಂಟು. ಎರಡೂಕಾಲು.
ಅರವತ್ತೊಂಬತ್ತು. ಎರಡರ ಹತ್ತಿರ.
ಇನ್ನೊಂದೇ ನಿಮಿಷ, ಅಂದಿತು ಆಸೆ.
ಎಪ್ಪತ್ತೊಂದು.
ರೂಟರಿನ ನೀಲಿ ಕಣ್ಣು ಕೆಂಪಾಯಿತು.

ಒಬ್ಬನ ಕಾಲು ಗಾಳಿಯಲ್ಲಿ ನಿಂತಿದೆ.
ಚೆಂಡು ಅದರಿಂದ ಒಂದು ಗೇಣು ದೂರ.
ದರದ ಪೆಟ್ಟಿಗೆಯ ಮೇಲೆ ಪುಟ್ಟ ಚಕ್ರ
ಎಣ್ಣೆ ಬಿಡದ ಗಾಣದ ಹಾಗೆ
ಸುತ್ತುತ್ತಿದೆ, ಸುತ್ತುತ್ತಲೇ ಇದೆ.

ಪ್ಲಗ್ಗು ಕಿತ್ತೆ. ಹತ್ತರವರೆಗೆ ಎಣಿಸಬೇಕು,
ಏಳಕ್ಕೇ ಸಿಕ್ಕಿಸಿದೆ.
ಬೈದೆ. ಆಮೇಲೆ ಬೆನ್ನು ಸವರಿದೆ.
ಫೋನು ಹಿಡಿದು ಕುರಿದೊಡ್ಡಿಯ ಗೋಡೆ ಹತ್ತಿದೆ,
ಅಲ್ಲಿ ಒಂದು ಗೀಟು ಸಿಗ್ನಲ್ ಸಿಗುವುದುಂಟು.
ಸಹಾಯವಾಣಿಯ ಹೆಂಗಸು
ನಿಮ್ಮ ಕರೆ ನಮಗೆ ಮುಖ್ಯ ಎಂದು ಮೂರು ಸಲ ಹೇಳಿ
ನಾಲ್ಕನೆಯ ಸಲ
ನಿಮ್ಮ ಕ
ಎಂದು ನಿಂತುಬಿಟ್ಟಳು.
ಕುರಿಗಳು ನನ್ನನ್ನೇ ನೋಡಿದವು, ಮೇವು ತಂದವನೇ ಎಂಬಂತೆ.

ಓಸ್ಲಾಳ ಮನೆಯ ಮೇಲೆ ತಟ್ಟೆಯಿದೆ,
ಯಾವ ಕಂಬದ ಹಂಗೂ ಇಲ್ಲದೆ
ಆಕಾಶದಿಂದಲೇ ಇಸಿದುಕೊಳ್ಳುತ್ತದೆ.
ಓಡಿದೆ. ಬಾಗಿಲು ತೆರೆದೇ ಇತ್ತು.
ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದು, ಅದಕ್ಕೆ ಸೂಜಿ ಚುಚ್ಚಿ
ಅವಳು ವಿನ್ನಿಪೆಗ್ಗಿನ ಹೆಂಗಸರಿಗೆ
ಹೆಣಿಗೆ ಕಲಿಸುತ್ತಿದ್ದಳು.
ಪರದೆಯ ಮೇಲೆ ಹನ್ನೊಂದು ಚೌಕ,
ಹನ್ನೊಂದು ಜನ, ಒಂದು ಪೂರ್ತಿ ತಂಡ.
ಅಲ್ಲಿನ್ನೂ ಬೆಳಗು. ಒಬ್ಬಳ ಹೆಗಲ ಮೇಲೆ ಬೆಕ್ಕು.

ತಿರುಗಿ ನೋಡದೆ ಓಸ್ಲಾ ಒಂದು ಬೆರಳೆತ್ತಿದಳು: ತಡಿ.
ಅವರಿಗೆ ಹೇಳಿದಳು,
"ಕುಣಿಕೆ ಸೂಜಿಯ ಮೇಲಿರುವಾಗ ಏಳಬೇಡಿ,
ಬಾಗಿಲಲ್ಲಿ ಯಾರೇ ನಿಂತಿರಲಿ."

ಪಾಸ್‌ವರ್ಡು ನನಗೆ ಗೊತ್ತು,
ಬ್ರೆಡ್ಡಿನ ಡಬ್ಬಿಯ ಮೇಲೆ ಅಂಟಿಸಿದ್ದಾಳೆ.
ಅವಳ ಎಳೆ ಎಷ್ಟು ಸಣ್ಣದೆಂಬುದೂ ಗೊತ್ತು.
ನಾನೊಬ್ಬ ಒಳಹೊಕ್ಕರೆ ಸಾಕು,
ಆ ಹನ್ನೊಂದು ಜೊತೆ ಕೈಗಳೂ
ಗಾಳಿಯಲ್ಲಿ ನಿಲ್ಲುತ್ತವೆ,
ಆ ಕಾಲಿನ ಹಾಗೆ.

ಇನ್ನೂರು ಪೌಂಡು ಅಂದರೆ ಮೂರು ವಾರದ ಸೀಮೆಎಣ್ಣೆ.
ಲೆಕ್ಕ ಹಾಕಿದೆ. ಮತ್ತೆ ಹಾಕಿದೆ.
ಬೂಟಿನಿಂದ ನೀರಿಳಿದು ಅವಳ ಚಾಪೆ ತೊಯ್ದಿತು.
ಸಾಲು ಮುಗಿಸಿ ಬಂದವಳು ಏನೆಂದು ಕೇಳಲಿಲ್ಲ.
"ಕೈ ಚಾಚು" ಅಂದಳು,
ಚಾಚಿದೆ.
ಎರಡೂ ಮಣಿಕಟ್ಟಿಗೆ ಉಣ್ಣೆಯ ಲಡಿ ತೊಡಿಸಿ
ಹನ್ನೊಂದು ಜನರ ಮುಂದೆ
ಉಂಡೆ ಸುತ್ತುವುದು ಹೇಗೆಂದು ತೋರಿಸತೊಡಗಿದಳು.
ಬೆಕ್ಕಿನವಳು ನನಗೆ ಕೈ ಬೀಸಿದಳು.
ತಿರುಗಿ ಬೀಸಲು ನನಗೆ ಕೈಯೆಲ್ಲಿ?

ರಾತ್ರಿ ಹತ್ತಕ್ಕೆ ತಂತಿ ಮರಳಿತು.
ಎಪ್ಪತ್ತನಾಲ್ಕಕ್ಕೆ ಒಂದು ಗೋಲು ಬಿದ್ದಿತ್ತು.
ಎಂಬತ್ತೆಂಟಕ್ಕೆ ಇನ್ನೊಂದು, ಈ ಕಡೆಯವರದ್ದು.
ಡ್ರಾ.
ಖಾತೆಯಲ್ಲಿ ನಾನೂರೈವತ್ತು ಲಾಭ.
ಮಾರಿದ್ದರೆ ಸಿಗುತ್ತಿದ್ದದ್ದು ನೂರಿಪ್ಪತ್ತೈದು,
ಗೋಲು ಬಿದ್ದಾಗ ಸಂಪರ್ಕ ಇದ್ದಿದ್ದರೆ
ಹೆದರಿ, ಸಿಕ್ಕ ದರಕ್ಕೆ ತಳ್ಳಿ, ಕೈ ಸುಟ್ಟುಕೊಳ್ಳುತ್ತಿದ್ದೆ.
ಗೆದ್ದದ್ದು ನಾನಲ್ಲ, ಕಡಿದ ತಂತಿ.
ಆರು ವರ್ಷದ ನನ್ನ ಕಸುಬಿಗಿಂತ
ಅದಕ್ಕೇ ಹೆಚ್ಚು ತಾಳ್ಮೆ.
ನಗು ಬರಲಿಲ್ಲ.

ಮುಂದಿನ ಶನಿವಾರ ಗಾಳಿ ಇರಲಿಲ್ಲ.
ರೂಟರಿನ ಕಣ್ಣು ಇಡೀ ದಿನ ನೀಲಿ.
ಎಪ್ಪತ್ತಕ್ಕೆ ಸರಿಯಾಗಿ ಮಾರಿದೆ, ಎಂಟು ಪೌಂಡು.
ಚಹಾ ಬಿಸಿಯಿರುವಾಗಲೇ ಕುಡಿದೆ.

ಆ ಹುಡುಗನ ಕಾಲು ಚೆಂಡಿಗೆ ತಗುಲಿತೋ ಇಲ್ಲವೋ
ಯಾರನ್ನೂ ಕೇಳಿಲ್ಲ.