ಹದಿನಾಲ್ಕು ಸುತ್ತು

ಎಡಕ್ಕೆ ಹದಿನಾಲ್ಕು ಸುತ್ತು, ನೀರು ಬರುತ್ತದೆ.
ಬಲಕ್ಕೆ ಹದಿನಾಲ್ಕು, ನಿಲ್ಲುತ್ತದೆ.
ಇಪ್ಪತ್ತೆರಡು ವರ್ಷದ ಈ ಕೆಲಸದಲ್ಲಿ ಕಲಿಯಲು
ಇಷ್ಟೇ ಇದೆ ಎಂದುಕೊಂಡಿದ್ದೆ.

ಎದೆಮಟ್ಟದ ಕಬ್ಬಿಣದ ಕೀಲಿಯನ್ನು
ಹಳೇ ಸೀರೆಯಂಚಿನಿಂದ ಟಿವಿಎಸ್‌ಗೆ ಬಿಗಿದು
ಹೆಣ್ಣೂರಿನ ಹಿಂದಿನ ಇಳಿಜಾರು ಇಳಿಯುತ್ತೇನೆ.
ಜಾವ ನಾಲ್ಕಕ್ಕೆ ಬಿಡುವುದು, ಏಳಕ್ಕೆ ನಿಲ್ಲಿಸುವುದು.
ಬಿಡುವಾಗ ನಾಯಿಗಳು ಮಾತ್ರ ನೋಡುತ್ತವೆ.
ನಿಲ್ಲಿಸಲು ಬಂದಾಗ ಮಕ್ಕಳು ಕೂಗುತ್ತಾರೆ,
'ಕಾವೇರಿ ಅಂಕಲ್ ಬಂದ್ರೂ!'
ತಿಮ್ಮರಾಯಿ ಅನ್ನುವ ಹೆಸರು ಸಂಬಳದ ಚೀಟಿಗೆ.

ಆ ಮಳೆಯಲ್ಲಿ ಹಿಟ್ಟಿನ ಗಿರಣಿ ಎದುರಿನ ಮ್ಯಾನ್‌ಹೋಲು
ಮುಚ್ಚಳವನ್ನೇ ತಲೆಯ ಮೇಲೆ ಹೊತ್ತು ಉಕ್ಕಿತು.
ದೂರಿಗೊಂದು ನಂಬರು ಬಂತು. ಗಾಡಿ ಬರಲಿಲ್ಲ.
ಮೂರನೇ ದಿನ ಜನ ದಾಟಲು ಕಲ್ಲು ಹಾಸಿದರು,
ವಾರ ಕಳೆಯುವುದರೊಳಗೆ ಕಲ್ಲುಗಳಿಗೂ ಹೆಸರು:
ಹಾಲಿನವನ ಕಲ್ಲು, ಅಜ್ಜಿ ಕಲ್ಲು, ಯೂನಿಫಾರಂ ಕಲ್ಲು.

'ನೀರು ಒಂಥರಾ ವಾಸ್ನೆ,' ಅಂದಳು ಆರೋಗ್ಯಮೇರಿ.
'ಮೊದಲ ಎರಡು ಬಿಂದಿಗೆ ಚೆಲ್ಲಿಬಿಡಮ್ಮ,' ಅಂದೆ,
ಎಲ್ಲರೂ ಅನ್ನುವ ಹಾಗೆ.
ಅವಳಿಗೆ ಸಿಗುವುದೇ ಆರು.
ಚೆಲ್ಲಲಿಲ್ಲ, ತಟ್ಟೆ ಲೋಟ ತೊಳೆದಳು.
ಮೂರನೆಯದರಲ್ಲಿ ವಾಸನೆ ಇರಲಿಲ್ಲ.
ಅದನ್ನು ಕುಡಿದರು.

ಹನ್ನೊಂದು ಮನೆಯಲ್ಲಿ ವಾಂತಿ, ಭೇದಿ.
ಒಂದೇ ಆಟೋ ಆಸ್ಪತ್ರೆಗೂ ಓಣಿಗೂ ನೂಲು ಸುತ್ತಿತು.

ಲ್ಯಾಬಿನ ಹುಡುಗಿ ಬಂದಳು, ನೇತ್ರಾವತಿಯಂತೆ.
ಹೆಬ್ಬೆರಳಿನಷ್ಟು ಬಾಟಲಿಗೆ ನಲ್ಲಿಯ ನೀರು ಹಿಡಿದು
'ಬೆಚ್ಚಗಿರಬೇಕು ಇದು, ಜೇಬಲ್ಲಿಟ್ಕೊಳ್ಳಿ,' ಎಂದಳು,
'ನಾಳೆಗೆ ಕಪ್ಪಾದ್ರೆ ಹೇಳಿ.'
ಮೂಸಿ ನೋಡಿದೆ. ಏನೂ ಇಲ್ಲ.
ಕಣ್ಣಿಗೆ ಹಿಡಿದೆ. ಓಣಿ ಆಚೆಗೆ ಸ್ವಚ್ಛ ಕಂಡಿತು.
ರಾತ್ರಿಯೆಲ್ಲ ಅಂಗಿ ಜೇಬಿನಲ್ಲಿಟ್ಟು ಮಲಗಿದೆ.
ನನ್ನ ಎದೆಯ ಬಿಸಿಗೇ
ಬೆಳಗಾಗುವಷ್ಟರಲ್ಲಿ ಅದು ಕಾಡಿಗೆಯಾಗಿತ್ತು.

'ಒಂದೇ ಗುಂಡೀಲಿ ಎರಡು ಪೈಪು ಮಲಗಿಸಿದಾರೆ, ಅಂಕಲ್,
ಮಧ್ಯ ಒಂದು ಗೇಣು.
ನೀರು ಹರೀತಿದ್ರೆ ಬಿರುಕಿಂದ ಆಚೆ ಸೋರತ್ತೆ.
ನೀವು ನಿಲ್ಲಿಸಿದ ಮೇಲೆ ಪೈಪು ಖಾಲಿ ಆಗತ್ತಲ್ಲ,
ಆಗ ಸುತ್ತ ಇರೋದನ್ನ ಒಳಗೆ ಎಳ್ಕೊಳ್ಳತ್ತೆ.
ನಾವು ಉಸಿರು ಎಳ್ಕೊಳ್ಳಲ್ವಾ, ಹಾಗೆ.'

ನೂರು ಕಿಲೋಮೀಟರು ಏರು ಹತ್ತಿಸಿ ತಂದ ನೀರು
ಕೊನೆಯ ಗೇಣಿನಲ್ಲಿ ಕೆಟ್ಟಿತು.
ಅಗೆದರು. ಉಗುರಿನಷ್ಟು ಬಿರುಕು. ಕ್ಲಾಂಪು ಹಾಕಿದರು.
ಗುಂಡಿ ಇನ್ನೂ ಹಾಗೇ ಇದೆ.

ನಿಲ್ಲಿಸದೆ ಇರಲಾರೆ. ಮೇಲಿನ ಬೀದಿಯಲ್ಲೂ
ಬಿಂದಿಗೆಗಳು ಸಾಲು ಹಿಡಿದಿವೆ.
ಹನ್ನೆರಡು, ಹದಿಮೂರು...
ಕೊನೆಯ ಸುತ್ತಿಗೆ ಈಗ ಕೈ ತಡೆಯುತ್ತದೆ.
ಕೀಲಿಯ ತುದಿಗೆ ಕಿವಿ ಇಟ್ಟು ಕೇಳುತ್ತೇನೆ:
ಕೆಳಗೆ ಕತ್ತಲಲ್ಲಿ ಏನೋ
ಬಾಯಿ ತೆರೆದುಕೊಳ್ಳುವ ಸದ್ದು.

ಇವತ್ತು ಆರೋಗ್ಯಮೇರಿಯ ಮೊಮ್ಮಗ ಕೂಗಲಿಲ್ಲ.
ಆಸ್ಪತ್ರೆಯಿಂದ ಬಂದು ನಾಲ್ಕು ದಿನ,
ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿಲ್ಲ.
ತುಂಬಿದ ಚೊಂಬು ಮುಂದೆ ಹಿಡಿದು ಕೇಳಿದ,
'ಅಂಕಲ್, ಇದು ಕುಡಿಯೋದಾ, ತೊಳೆಯೋದಾ?'

ಬೊಗಸೆಗೆ ಸುರಿದುಕೊಂಡು ಮೂಸಿದೆ.
ವಾಸನೆ ಇಲ್ಲ.
ಆ ಬಾಟಲಿಯ ನೀರಿಗೂ ಇರಲಿಲ್ಲ.